ಮಧ್ಯಮ ದರ್ಜೆಯ ಅರಬ್ಬಿ

ನಮ್ಮ ಭಾವ ಅರಬ್ಬಿ ಪಂಡಿತರಾದದ್ದು ಒಂದು ಮಧ್ಯಾಹ್ನ, ಒಂದೇ ಒಂದು ಶಬ್ದದಿಂದ. ಅಷ್ಟು ಕಡಿಮೆ ಬಂಡವಾಳದಲ್ಲಿ ಅಷ್ಟು ದೊಡ್ಡ ಪಾಂಡಿತ್ಯ ಸಂಪಾದಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಜನರ ಕಣ್ಣು ಪರೀಕ್ಷಿಸುವುದು, ಫ್ರೇಮು ಕೂರಿಸುವುದು, ಸಡಿಲವಾದ ತಿರುಪನ್ನು ಬಿಗಿ ಮಾಡುವುದು, ಇಷ್ಟೇ. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಇರುವುದರಿಂದ ಈ ಕಥೆಗೆ ನಾನೇ ಸಾಕ್ಷಿ. ಬೇರೆಯವರು ಹೇಳುವ ಯಾವ ಪಾಠಾಂತರವನ್ನೂ ನಂಬಬೇಡಿ.

ಆ ದಿನ ಅಂಗಡಿಗೆ ಬಂದಿದ್ದ ಅರಬ್ ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಹೊರಟರು. ಭಾವನಿಗೆ ಏನು ತೋಚಿತೋ, ಎಲ್ಲೋ ಕೇಳಿದ್ದ ‘ಶುಕ್ರನ್’ ಎಂಬ ಮಾತನ್ನು ಅಂದುಬಿಟ್ಟರು. ಧನ್ಯವಾದ ಎಂದು ಅರ್ಥ. ಗಿರಾಕಿಯ ಮುಖ ಅರಳಿತು. ಬಾಗಿಲಿನಿಂದ ವಾಪಸ್ ಬಂದು, ಭಾವನ ಕೈ ಹಿಡಿದುಕೊಂಡು, ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಭಾವ ತಲೆಯಾಡಿಸಿದರು. ನಡುವೆ ಒಮ್ಮೆ ಹುಬ್ಬೇರಿಸಿದರು. ಕೊನೆಗೆ, ಅಗತ್ಯವಿತ್ತೋ ಇಲ್ಲವೋ, ಒಂದು ನಿಟ್ಟುಸಿರನ್ನೂ ಬಿಟ್ಟರು. ಗಿರಾಕಿ ತೃಪ್ತಿಯಿಂದ ಹೋದರು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಮ್ಮ ಕಟ್ಟಡದ ಮೂರನೆಯ ಮಹಡಿಯ ಅಜ್ಜಿ ತಮ್ಮ ಕನ್ನಡಕಕ್ಕಾಗಿ ಅದೇ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಅಜ್ಜಿ ಮೆಟ್ಟಿಲು ಹತ್ತಿ ಮನೆ ಸೇರುವಷ್ಟರಲ್ಲಿ ಪ್ರತಿ ಮಹಡಿಗೂ ಸುದ್ದಿ ಸೇರಿತ್ತು. ಸಂಜೆ ಭಾವ ಮನೆಗೆ ಬಂದಾಗ ಕೆಳಗಿನ ಮನೆಯ ಸ್ಟೇಷನ್ ಮಾಸ್ತರರು, ಅಂದರೆ ನಿವೃತ್ತ ಸ್ಟೇಷನ್ ಮಾಸ್ತರರೂ ಬಾಡಿಗೆದಾರರ ಸಂಘದ ಕಾರ್ಯದರ್ಶಿಗಳೂ ಆದವರು, ಕೈಯಲ್ಲೊಂದು ಅತ್ತರಿನ ಸೀಸೆ ಹಿಡಿದು ನಿಂತಿದ್ದರು.

"ಸ್ವಾಮಿ, ಇದರ ಮೇಲೆ ಏನು ಬರೆದಿದೆ ಸ್ವಲ್ಪ ಓದಿ ಹೇಳ್ತೀರಾ?"

ಭಾವ ಸೀಸೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ, "ಒಳ್ಳೆಯ ಮಾತುಗಳೇ ಬರೆದಿವೆ ಸಾರ್" ಎಂದರು.

ಇಂಥ ಉತ್ತರಗಳಿಂದ ಬಹಳ ದಿನ ಕಾಲ ತಳ್ಳಲಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮಾನ ಉಳಿಸಿಕೊಳ್ಳಲು ಸಂಜೆಯ ಭಾಷಾ ಶಾಲೆಗೆ ಸೇರಲು ಹೋದರು. ಅಲ್ಲಿ ಎರಡು ಸಾಲು. ಪ್ರಾಥಮಿಕ ದರ್ಜೆಯ ಸಾಲಿನಲ್ಲಿ ಮಾಸ್ತರರ ಮೊಮ್ಮಗಳು ಕೊರಳಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ನಿಂತಿದ್ದಳು. ಅವಳ ಹಿಂದೆ ನಿಂತರೆ ಪಾಂಡಿತ್ಯ ಅವತ್ತೇ ಮಣ್ಣುಪಾಲು. ಭಾವ ಗಂಟಲು ಸರಿಮಾಡಿಕೊಂಡು ಪಕ್ಕದ ಸಾಲಿಗೆ ಸರಿದರು. ಅದರ ಮೇಲೆ ‘ಮಧ್ಯಮ ದರ್ಜೆ: ಸಂಸ್ಕೃತಿ ಮತ್ತು ಸಾಹಿತ್ಯದ ಮೂಲಕ’ ಎಂದಿತ್ತು.

"ಪ್ರಾಥಮಿಕ ಆಗಿದೆಯಾ?" ಎಂದು ಗುಮಾಸ್ತೆ ಕೇಳಿದಳು.

"ಆಗಿದೆ."

"ಎಲ್ಲಿ?"

"ಮನೇಲೇ."

ಮನೆಗೆ ಬಂದು ಅದಕ್ಕೊಂದು ಸಮರ್ಥನೆಯನ್ನೂ ಕೊಟ್ಟರು. "ನಮ್ಮಂಥೋರಿಗೆ ಮಧ್ಯಮವೇ ಸರಿ ಕಣೋ. ವರ್ಗ ಮಧ್ಯಮ, ಎತ್ತರ ಮಧ್ಯಮ, ಬಸ್ಸಲ್ಲಿ ಸೀಟು ಸಿಕ್ಕಿದ್ರೂ ಮಧ್ಯದ್ದೇ. ಅರಬ್ಬಿಯಲ್ಲಿ ಮಾತ್ರ ಕೆಳಗಿನಿಂದ ಯಾಕೆ ಶುರು ಮಾಡಬೇಕು?"

ಆದರೆ ಅಕ್ಷರವೇ ಬಾರದಲ್ಲ! ಅದಕ್ಕೆ ಭಾವ ತಮ್ಮ ಕಸುಬಿನ ದಾರಿ ಹಿಡಿದರು. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಗೋಡೆಯ ಮೇಲೆ ತೂಗುಹಾಕುವ ಫಲಕದ ಹಾಗೆಯೇ ಅರಬ್ಬಿ ಅಕ್ಷರಗಳ ಫಲಕವೊಂದನ್ನು ತಯಾರಿಸಿದರು. ಮೇಲಿನ ಸಾಲಿನಲ್ಲಿ ದೊಡ್ಡ ಅಕ್ಷರಗಳು, ಕೆಳಕೆಳಗೆ ಬಂದಂತೆ ಸಣ್ಣವು. ಅದನ್ನು ಅಡುಗೆಮನೆಯ ಬಾಗಿಲ ಮೇಲೆ ಅಂಟಿಸಿ, ಎದುರು ಗೋಡೆಗೆ ಬೆನ್ನು ಕೊಟ್ಟು ಕೂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಓದತೊಡಗಿದರು. ಆಶ್ಚರ್ಯವೆಂದರೆ ಕಲಿತೂ ಬಿಟ್ಟರು. ಒಂದೇ ತೊಂದರೆ, ಅಂಗೈಯಿಂದ ಎಡಗಣ್ಣು ಮುಚ್ಚಿಕೊಳ್ಳದೆ ಅವರ ಬಾಯಿಂದ ಅರಬ್ಬಿ ಹೊರಡುತ್ತಿರಲಿಲ್ಲ.

ಆ ತರಗತಿಯ ಮೇಡಂ ಬಹಳ ಕಟ್ಟುನಿಟ್ಟು. "ಇದು ಪುಸ್ತಕ, ಅದು ಪೆನ್ನು ಅಂತ ಇಲ್ಲಿ ಹೇಳಿಕೊಡಲ್ಲ. ಆ ಜನ ಹೇಗೆ ಕೂರ್ತಾರೆ, ಹೇಗೆ ಉಪಚರಿಸ್ತಾರೆ, ಹೇಗೆ ಅಳ್ತಾರೆ ಅನ್ನೋದು ಗೊತ್ತಾದ್ರೆ ಭಾಷೆ ತಾನಾಗೇ ಬರುತ್ತೆ" ಎಂದು ಮೊದಲ ದಿನವೇ ಹೇಳಿದರಂತೆ. ಹೀಗಾಗಿ ಭಾವನಿಗೆ ಒಂಟೆಗೆ ವಯಸ್ಸಿನ ಪ್ರಕಾರ ಇರುವ ಹೆಸರುಗಳೆಲ್ಲ ಬಂದವು. ಬಸ್ಸಿಗೆ ಏನೆನ್ನುತ್ತಾರೆ ಎಂಬುದು ಮಾತ್ರ ಬರಲಿಲ್ಲ.

ಆಮೇಲೆ ಕಾಫಿಯ ಪಾಠ ಬಂತು. ಅತಿಥಿಯ ಬಟ್ಟಲು ಬರಿದಾದೊಡನೆ ಮನೆಯವರು ಮತ್ತೆ ತುಂಬಬೇಕು. ಸಾಕಾದಾಗ ಅತಿಥಿ ಬಟ್ಟಲನ್ನು ಕೈಯಲ್ಲೇ ಅತ್ತಿತ್ತ ಅಲುಗಿಸಬೇಕು. ಅಲುಗಿಸುವ ತನಕ ತುಂಬುತ್ತಲೇ ಇರಬೇಕು. ಭಾವನಿಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ, ನೀರಿನ ಮೋಟಾರು ಕೆಟ್ಟಿದೆ ಎಂದು ಹೇಳಲು ಬಂದ ಸ್ಟೇಷನ್ ಮಾಸ್ತರರನ್ನು ಹಿಡಿದು ಕೂರಿಸಿದರು.

ಮಾಸ್ತರರು ಮರ್ಯಾದಸ್ಥರು. ಕೊಟ್ಟದ್ದನ್ನು ಬೇಡ ಎನ್ನುವವರಲ್ಲ. ಲೋಟ ಬರಿದಾಯಿತು, ಭಾವ ತುಂಬಿದರು. ಮತ್ತೆ ಬರಿದಾಯಿತು, ಮತ್ತೆ ತುಂಬಿದರು. ಅಕ್ಕ ಒಳಗಿನಿಂದ "ರೀ, ಡಿಕಾಕ್ಷನ್ ಮುಗೀತು" ಎಂದಳು. "ಮತ್ತೆ ಹಾಕು" ಎಂದರು ಭಾವ. ಮಾಸ್ತರರ ಹಣೆಯ ಮೇಲೆ ಬೆವರು ಮೂಡಿತು, ಕಣ್ಣು ಅಗಲವಾಯಿತು, ಮೋಟಾರಿನ ವಿಷಯ ಮರೆತೇಹೋಯಿತು. ಕಡೆಗೆ ಅವರ ಕೈ ತಾನಾಗಿ ಗಡಗಡ ನಡುಗಿ ಲೋಟ ಅಲುಗಿತು.

"ನೋಡಿ, ಎಷ್ಟು ಬೇಗ ಕಲಿತುಬಿಟ್ರಿ!" ಎಂದು ಭಾವ ಸಂತೋಷಪಟ್ಟರು.

ಮರುದಿನ ಎದೆ ಡವಗುಟ್ಟುತ್ತಿದ್ದ ಮಾಸ್ತರರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನ್ಯಾಯವಾಗಿ ಭಾವನ ಪಾಲಿಗೇ ಬಂತು. ಆ ಸಂಜೆಯ ತರಗತಿ ತಪ್ಪಿತು. ಅವತ್ತು ಮೇಡಂ ಕಾಫಿ ಪಾಠದ ಉಳಿದ ಭಾಗವನ್ನು ಹೇಳಿ ಮುಗಿಸಿದರು. ಈ ಗೈರುಹಾಜರಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮೇಲೆ ಒಂದು ಕಟ್ಟಡವೇ ನಿಲ್ಲಲಿದೆ.

ಅದಾದ ಮೇಲೆ ಕಾವ್ಯ ಶುರುವಾಯಿತು. ಹಳೆಯ ಕಾಲದ ಅರಬ್ಬಿ ಕವಿಗಳು ಹಾಳುಬಿದ್ದ ಮನೆಯ ಮುಂದೆ ನಿಂತು, ಬಿಟ್ಟುಹೋದ ಪ್ರಿಯತಮೆಯನ್ನು ನೆನೆದು ಅತ್ತ ನಂತರವೇ ಮುಂದಿನ ಮಾತಿಗೆ ಹೋಗುತ್ತಿದ್ದರಂತೆ. ಪ್ರತಿಯೊಬ್ಬರೂ ಆ ರೀತಿಯಲ್ಲಿ ಸ್ವಂತವಾಗಿ ನಾಲ್ಕು ಸಾಲು ಕಟ್ಟಿಕೊಂಡು ಬರಬೇಕೆಂದು ಮೇಡಂ ಹೇಳಿದರು. ಭಾವ ಮೆಟ್ಟಿಲ ಮೇಲೆ ಕೂತು, ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯನ್ನು ನೋಡುತ್ತಾ ಗೊಣಗತೊಡಗಿದರು.

"ಏನ್ರೀ ಅದು?" ಎಂದಳು ಅಕ್ಕ.

"ಬಿಟ್ಟುಹೋದ ಪ್ರಿಯತಮೆ ಬಗ್ಗೆ ಕವಿತೆ."

"ಯಾವ ಪ್ರಿಯತಮೆ?"

"ಯಾರಾದ್ರೂ ಒಬ್ಬಳು ಇರಲೇಬೇಕು. ಇಲ್ಲದಿದ್ರೆ ಮೇಡಂ ಅಂಕ ಕೊಡಲ್ಲ."

ಅಕ್ಕ ಏನೂ ಮಾತಾಡದೆ ಒಳಗೆ ಹೋದಳು. ಪಾತ್ರೆಗಳು ಮಾತಾಡಿದವು. ಮೂರನೆಯ ಮಹಡಿಯ ಅಜ್ಜಿ ಸಮಾಧಾನ ಹೇಳಲೆಂದೇ ಇಳಿದು ಬಂದು, "ಕಣ್ಣು ಪರೀಕ್ಷೆ ಮಾಡೋ ಕೆಲಸ ನೋಡಮ್ಮ. ದಿನಾ ಎಷ್ಟು ಜನರ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೋ, ಪಾಪ, ಅವರಾದ್ರೂ ಏನು ಮಾಡ್ತಾರೆ" ಎಂದು ಇದ್ದ ನೆಮ್ಮದಿಯನ್ನೂ ಕೆಡಿಸಿ ಹೋದರು. ಆ ನಾಲ್ಕು ಸಾಲಿನ ಅರ್ಥವನ್ನು ಭಾವ ನನಗೂ ಹೇಳಲಿಲ್ಲ. ಕೇಳಿದರೆ ಕಿವಿಯ ತುದಿ ಕೆಂಪಾಗುತ್ತಿತ್ತು. ನನಗೂ ಸ್ವಲ್ಪ ಅನುಮಾನ ಬಂದದ್ದು ನಿಜ.

ಇಷ್ಟರಲ್ಲಿ ಕಟ್ಟಡ ಮಾರಾಟವಾಯಿತು. ಇಬ್ಬರು ಬಂದು ಟೇಪು ಹಿಡಿದು ಅಳೆದು, ಮೆಟ್ಟಿಲ ಗೋಡೆಗೆ ಕೆಂಪು ಬಣ್ಣದಲ್ಲಿ ದೊಡ್ಡ ಗುರುತು ಎಳೆದು ಹೋದರು. ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಕೊಂಡವರು ಒಬ್ಬ ವಯಸ್ಸಾದ ಅರಬ್ ಹಿರಿಯರು. ಅವರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಮಗನಿಗೆ ಚೆನ್ನಾಗಿಯೇ ಬರುತ್ತಿತ್ತು. ಅವನು ಸದಾ ಸೂಟಿನಲ್ಲಿರುತ್ತಿದ್ದ. ಮಾಸ್ತರರು ಹೋಗಿ, ಮಕ್ಕಳ ಶಾಲೆ, ಮುದುಕರ ಮಂಡಿನೋವು, ಎಲ್ಲವನ್ನೂ ಸೇರಿಸಿ ಒಂದು ಮನಕರಗುವ ಭಾಷಣ ಮಾಡಿದರು. ಮಗ ಅಪ್ಪನ ಕಡೆ ತಿರುಗಿ ಎರಡೇ ಶಬ್ದ ಹೇಳಿದ. ಅಪ್ಪ ತಲೆಯಾಡಿಸಿದರು.

"ನಿಮ್ಮ ಭಾವನೆಗಳನ್ನ ಅಪ್ಪ ಗೌರವಿಸ್ತಾರಂತೆ" ಎಂದ ಮಗ. "ತಿಂಗಳ ಕೊನೆಗೆ ಖಾಲಿ ಮಾಡಿ. ಅದಕ್ಕೆ ಮುಂಚೆ ಎಲ್ಲರೂ ಒಂದು ಕಾಫಿಗೆ ಬರಬೇಕಂತೆ."

ಆ ಸಂಜೆ ಇಡೀ ಕಟ್ಟಡ ನಮ್ಮ ಮನೆಗೆ ಬಂತು. ಕೂರಲು ಜಾಗವಿಲ್ಲದೆ ಮೆಟ್ಟಿಲ ತನಕ ಜನ.

"ಸಾರ್, ಮಗನ ಮೂಲಕ ಹೋದ್ರೆ ನಮ್ಮ ಮಾತು ಅಪ್ಪನಿಗೆ ಮುಟ್ಟಲ್ಲ" ಎಂದರು ಮಾಸ್ತರರು. "ನೇರವಾಗಿ ಅವರ ಭಾಷೇಲೇ ಹೇಳಬೇಕು. ನೀವೇ ಗತಿ."

"ನಮ್ಮ ಪುಣ್ಯ, ಪಂಡಿತರು ಮನೇಲೇ ಇದ್ದಾರೆ" ಎಂದರು ಅಜ್ಜಿ.

ಭಾವ ತಲೆಯಾಡಿಸಿದರು, ಹುಬ್ಬೇರಿಸಿದರು, ನಿಟ್ಟುಸಿರು ಬಿಟ್ಟರು. ಜನ ತೃಪ್ತಿಯಿಂದ ಹೋದರು.

ಅವರು ಹೋದ ಮೇಲೆ ಭಾವ ನನ್ನ ತೋಳು ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋದರು. ಮುಖದಲ್ಲಿ ರಕ್ತವಿರಲಿಲ್ಲ. "ಏನೋ ಮಾಡೋದು? ಮನೆ ಕೆಡವಬೇಡಿ ಅನ್ನೋಕೆ ನನಗೆ ಬರಲ್ಲ ಕಣೋ. ಕೆಡವಿದ ಮೇಲೆ ಹೇಗೆ ಅಳಬೇಕು ಅಂತ ಮಾತ್ರ ಬರುತ್ತೆ!"

ಮೇಡಂ ಹತ್ತಿರ ಕೇಳೋಣವೆಂದರೆ ಅವರು ರಜೆಯ ಮೇಲೆ ಹೋಗಿದ್ದರು. ಒಳಗೆ ಅಕ್ಕ ಅಡುಗೆಮನೆಯ ಬೀದಿ ಕಡೆಯ ಕಿಟಕಿಯ ಮುಂದೆ ನಿಂತು ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಅವಳು ನಿಂತದ್ದು ಆ ಕಿಟಕಿಯ ಮುಂದೆಯೇ. "ನಿಮ್ಮ ಅರಬ್ಬಿಯಿಂದ ಯಾವಳಿಗೆ ಏನಾಗುತ್ತೋ ನನಗೆ ಬೇಡ. ಈ ಮನೆ ಉಳಿಯುತ್ತಾ ನೋಡಿ" ಎಂದಳು. ಅವಳ ದನಿ ಒಡೆದದ್ದು ಕೇಳಿ ನನಗೆ ನಿಜವಾಗಿಯೂ ದುಃಖವಾಯಿತು.

ಬರುವುದನ್ನಾದರೂ ಸರಿಯಾಗಿ ಮಾಡೋಣವೆಂದು ಭಾವ ಮೆಟ್ಟಿಲ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ ತರಬೇತಿ ಕೊಟ್ಟರು. ಅರಬ್ಬರ ಕಾಫಿ ಬಟ್ಟಲಿನಷ್ಟು ಸಣ್ಣ ಬಟ್ಟಲು ಯಾರ ಮನೆಯಲ್ಲೂ ಇರಲಿಲ್ಲವಾದ್ದರಿಂದ ಕೆಮ್ಮಿನ ಔಷಧಿಯ ಮುಚ್ಚಳಗಳನ್ನು ಹಂಚಿದರು. "ಬಲಗೈಲಿ ಹಿಡೀರಿ. ಕುಡೀರಿ. ಸಾಕಾದ್ರೆ ಅಲುಗಿಸಿ. ಕುಡಿಯೋಕೆ ಮುಂಚೆ ಯಾರೂ ಅಲುಗಿಸಬೇಡಿ, ಅವಮಾನ ಆಗಿಬಿಡುತ್ತೆ." ಆ ಕೊನೆಯ ಮಾತು ಮೇಡಂ ಹೇಳಿದ್ದಲ್ಲ, ಭಾವನೇ ಭಯದಿಂದ ಸೇರಿಸಿದ್ದು.

ಆ ದಿನ ಬಂತು. ನೆಲಮಹಡಿಯ ಖಾಲಿ ಅಂಗಡಿಯನ್ನು ಗುಡಿಸಿ ಕುರ್ಚಿ ಹಾಕಿದ್ದರು. ಹಿರಿಯರು ನಡುವೆ ಕೂತಿದ್ದರು. ಅವರ ಕನ್ನಡಕದ ಒಂದು ಕಡೆ ತಿರುಪು ಸಡಿಲವಾಗಿ ಫ್ರೇಮು ವಾಲಿತ್ತು. ಭಾವನ ದೃಷ್ಟಿ ಮೊದಲು ಅಲ್ಲಿಗೇ ಹೋಯಿತು. ಪಕ್ಕದಲ್ಲಿ ಸೂಟಿನ ಮಗ. ಒಬ್ಬಾತ ಉದ್ದ ಮೂತಿಯ ಹಿತ್ತಾಳೆ ಹೂಜಿ ಹಿಡಿದು ಬಟ್ಟಲುಗಳಿಗೆ ಕಾಫಿ ಸುರಿಯುತ್ತಾ ಬಂದ.

ಅಜ್ಜಿ ಹಬೆಯಾಡುವ ಕಾಫಿಯನ್ನು ಚೆಂದವಾಗಿ ಕುಡಿದು ಚೆಂದವಾಗಿ ಅಲುಗಿಸಿದರು. ಹಿಂದಿನ ಅನುಭವ ಮರೆಯದ ಮಾಸ್ತರರು ಬಟ್ಟಲು ಕೈಗೆ ಬರುತ್ತಿದ್ದಂತೆ ಅಲುಗಿಸತೊಡಗಿದ್ದರಿಂದ ಕಾಫಿ ಪೂರ್ತಿ ಅಂಗಿಯ ಮೇಲೆ ಹೋಯಿತು. ಹೂಜಿ ಭಾವನ ಮುಂದೆ ನಿಂತಿತು. ಬಟ್ಟಲು ತುಂಬಿತು. ಎಲ್ಲರೂ ಭಾವನನ್ನೇ ನೋಡಿದರು.

ಭಾವನ ಕೈ ನಡುಗುತ್ತಿತ್ತು. ಸಣ್ಣ ನಡುಕವಲ್ಲ, ಬಟ್ಟಲು ಕುಣಿಯುವಂಥ ನಡುಕ. ನಡುಗಿದರೆ ಅಲುಗಿಸಿದಂತೆ, ಅಲುಗಿಸಿದರೆ ಸಾಕು ಎಂದಂತೆ, ಒಂದು ಗುಟುಕೂ ಕುಡಿಯದೆ ಸಾಕು ಎಂದರೆ ಅವಮಾನ. ಇಷ್ಟೂ ತರ್ಕ ಅವರ ಕಣ್ಣಿನಲ್ಲಿ ಓಡಿದ್ದು ನನಗೆ ಕಾಣಿಸಿತು. ಬೇರೆ ದಾರಿಯಿಲ್ಲದೆ ತುಂಬಿದ ಬಟ್ಟಲನ್ನು ಮುಟ್ಟದೆ ಮೇಜಿನ ಮೇಲೆ ಇಟ್ಟುಬಿಟ್ಟರು.

ಹೂಜಿಯವನು ನಿಂತಲ್ಲೇ ನಿಂತ. ಮಗ ಬೆಚ್ಚಿ ಅಪ್ಪನ ಮುಖ ನೋಡಿದ. ಹಿರಿಯರು ತಮ್ಮ ಬಟ್ಟಲನ್ನೂ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಭಾವನನ್ನು ನೋಡಿ ಗಂಭೀರವಾಗಿ ಏನೋ ಕೇಳಿದರು. ಮಗ ಅದನ್ನು ನಮಗೆ ತಿಳಿಸಲಿಲ್ಲ.

"ಏನಂತೆ?" ಎಂದು ಮಾಸ್ತರರು ಪಿಸುಗುಟ್ಟಿದರು.

"ಗೊತ್ತಿಲ್ಲ. ಹೇಳು ಅಂತಿದಾರೆ."

‘ಹೇಳು’ ಎಂದರೆ ತರಗತಿಯಲ್ಲಿ ಎದ್ದು ನಿಂತು ಒಪ್ಪಿಸಬೇಕೆಂದು ಅರ್ಥ. ಭಾವ ಎದ್ದು ನಿಂತರು. ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡರು. ಗೊತ್ತಿದ್ದ ಒಂದೇ ಒಂದನ್ನು, ಆ ನಾಲ್ಕು ಸಾಲುಗಳನ್ನು, ಹೇಳಿದರು.

ಹಿರಿಯರು ಕಣ್ಣು ಮುಚ್ಚಿ ಕೇಳಿದರು. ಕಣ್ಣಿನ ಮೇಲಿನ ಕೈಯನ್ನು ಶೋಕದ ಗುರುತೆಂದು ತಿಳಿದರೋ ಏನೋ, ಎದೆ ಮುಟ್ಟಿಕೊಂಡು ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ತಪ್ಪಾಗಿರಬೇಕೆಂದು ಭಾವ ಇನ್ನಷ್ಟು ದುಃಖದಿಂದ ಮತ್ತೆ ಹೇಳಿದರು. ಹಿರಿಯರು ಮಗನಿಗೆ ಗದರಿದರು. ಇವರ ಜನಕ್ಕೂ ಅರ್ಥ ಹೇಳು ಎಂದಿರಬೇಕು. ಮಗ ಒಲ್ಲದ ಮನಸ್ಸಿನಿಂದ ಶುರುಮಾಡಿದ.

"ಇದೇ ಗೋಡೇಲಿ ಒಂದು ಕಿಟಕಿ ಇತ್ತು. ಅದರ ಹಿಂದೆ ಒಬ್ಬಳು ಹಾಲು ಉಕ್ಕದ ಹಾಗೆ ಕಾಯ್ತಾ ನಿಂತಿರ್ತಿದ್ಲು. ಬೀದಿಯ ತಿರುವಿಂದ ಅವಳು ಕಂಡ್ರೆ ನನ್ನ ದಿನ ಮುಗೀತು ಅಂತ ನನಗೆ ಗೊತ್ತಾಗ್ತಿತ್ತು. ಈಗ ಕಿಟಕಿ ಇಲ್ಲ. ಗಾಳಿ ಮಾತ್ರ ಬಂದು, ಹಾಲು ಉಕ್ಕಿತಾ ಅಂತ ಕೇಳಿ ಹೋಗುತ್ತೆ."

ಬಾಗಿಲ ಬಳಿ ನಿಂತಿದ್ದ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಅವಳ ಪಕ್ಕೆ ತಿವಿದು, "ಅಯ್ಯೋ, ಅವಳು ನೀನೇ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಅಂದರು.

ಹಿರಿಯರು ಕಣ್ಣೊರೆಸಲು ಕನ್ನಡಕ ತೆಗೆದರು. ವಾಲಿದ್ದ ಫ್ರೇಮಿನಿಂದ ಗಾಜು ಕಳಚಿ ಬಿತ್ತು. ನೆಲ ಮುಟ್ಟುವ ಮೊದಲೇ ಭಾವ ಅದನ್ನು ಹಿಡಿದರು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಗಾಜು ಕೂರಿಸಿ, ತಿರುಪು ಬಿಗಿ ಮಾಡಿ, ಕಿವಿಯ ಕಡ್ಡಿಗಳನ್ನು ಸರಿಯಾಗಿ ಬಗ್ಗಿಸಿ, ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. ಆಗ ಅವರ ಕೈ ಒಂದಿಷ್ಟೂ ನಡುಗಲಿಲ್ಲ.

ಹಿರಿಯರು ಕನ್ನಡಕ ಹಾಕಿಕೊಂಡು ಸುತ್ತ ನೋಡಿದರು. ತೆರೆದ ಬಾಗಿಲಾಚೆ ಮೆಟ್ಟಿಲ ಗೋಡೆಯ ಕೆಂಪು ಗುರುತು ಕಂಡಿತು. ಮಗನ ಕಡೆ ತಿರುಗಿ ಕೇಳಿದರು. ಮಗ ಉದ್ದವಾಗಿ ವಿವರಿಸಿದ. ಈ ಸಲ ಅಪ್ಪ ಎರಡೇ ಶಬ್ದ ಹೇಳಿದರು.

ಮಗ ಟೈ ಸಡಿಲ ಮಾಡಿಕೊಂಡ. "ಅಪ್ಪ ಕಟ್ಟಡ ಕೆಡವಲ್ಲ ಅಂತಿದಾರೆ" ಎಂದ. "ಕೋರಿಕೆ ಇರೋ ಅತಿಥಿ ಬಟ್ಟಲನ್ನ ಕುಡಿಯದೆ ಕೆಳಗಿಡ್ತಾನೆ. ಅದನ್ನ ನಡೆಸಿಕೊಡೋವರೆಗೂ ಮುಟ್ಟಲ್ಲ. ಅವನು ಕುಡಿಯದೆ ಎದ್ದುಹೋದ್ರೆ ಕರೆದೋರ ಮಾನ ಹೋಗುತ್ತೆ. ಬಹಳ ಹಳೇ ಪದ್ಧತಿ ಇದು. ನಾನೇ ಮರೆತಿದ್ದೆ. ನಿಮಗೆ ಯಾರ್ರೀ ಹೇಳಿಕೊಟ್ರು?"

ತಾವು ತಪ್ಪಿಸಿಕೊಂಡ ಪಾಠ ಯಾವುದೆಂದು ಭಾವನಿಗೆ ಆ ಕ್ಷಣದಲ್ಲಿ ತಿಳಿಯಿತು. ಆದರೆ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಮಧ್ಯಮ ದರ್ಜೇಲಿ ಇದೆಲ್ಲ ಬರುತ್ತೆ" ಎಂದರು.

ಹಿರಿಯರು ಮೇಜಿನ ಮೇಲಿದ್ದ ಬಟ್ಟಲನ್ನು ತಾವೇ ಎತ್ತಿ ಭಾವನ ಕೈಗಿತ್ತರು. ಭಾವ ಒಂದೇ ಗುಟುಕಿಗೆ ಕುಡಿದರು. ಮಾಸ್ತರರು ಕಾಫಿಯ ಅಂಗಿಯಲ್ಲೇ ಎದ್ದು ಚಪ್ಪಾಳೆ ತಟ್ಟಿದರು. ಇಡೀ ಅಂಗಡಿ ಕೇಕೆ ಹಾಕಿತು. ಅಜ್ಜಿ ಹಿರಿಯರ ತಲೆ ಸವರಿ ನೂರು ವರ್ಷ ಬಾಳಪ್ಪ ಎಂದು ಹರಸಿದರು. ಹಿರಿಯರ ವಯಸ್ಸಾಗಲೇ ಅದಕ್ಕೆ ಬಹಳ ದೂರವಿರಲಿಲ್ಲ. ಪ್ರತಿಯೊಬ್ಬರೂ ಬಂದು ಭಾವನ ಕೈ ಕುಲುಕಿದರು, ಬೆನ್ನು ತಟ್ಟಿದರು. ನನಗೂ ಹೆಮ್ಮೆಯಿಂದ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಈ ಗದ್ದಲದಲ್ಲಿ ಹೂಜಿಯವನು ತನ್ನ ಕೆಲಸ ಮರೆತಿರಲಿಲ್ಲ. ಬಟ್ಟಲು ಬರಿದಾದಾಗಲೆಲ್ಲ ತುಂಬುತ್ತಿದ್ದ. ಗೆದ್ದ ಸಂಭ್ರಮದಲ್ಲಿ ಭಾವ ಕುಡಿಯುತ್ತಲೇ ಇದ್ದರು. ಅಲುಗಿಸುವುದು ಅವರ ತಲೆಯಿಂದ ಪೂರ್ತಿ ಹಾರಿಹೋಗಿತ್ತು. ಹಣೆಯ ಮೇಲೆ ಬೆವರು ಮೂಡಿತು. ಕಣ್ಣು ಅಗಲವಾಯಿತು. ಮುಂದೇನಾಗುತ್ತದೆಂದು ಬಲ್ಲ ಮಾಸ್ತರರು ಎದೆ ಹಿಡಿದುಕೊಂಡರು.

ಅಷ್ಟರಲ್ಲಿ ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಗಂಡನ ಮಣಿಕಟ್ಟು ಹಿಡಿದು ಬಟ್ಟಲನ್ನು ಚೆನ್ನಾಗಿ ಅಲುಗಿಸಿದಳು. "ಸಾಕು ಅನ್ನೋದು ನಿಮಗೆ ಯಾವ ಭಾಷೇಲಿ ಬರುತ್ತೆ ಹೇಳಿ" ಎಂದಳು. ಕಣ್ಣು ಇನ್ನೂ ಒದ್ದೆಯಾಗಿತ್ತು, ಬೈಗುಳದಲ್ಲಿ ಮಾತ್ರ ತೇವವಿರಲಿಲ್ಲ. ಹೂಜಿಯವನು ಅವಳಿಗೆ ತಲೆಬಾಗಿ ಹಿಂದೆ ಸರಿದ.

ಹಿರಿಯರು ತೊಡೆ ತಟ್ಟಿ ನಕ್ಕು ಮಗನಿಗೆ ಏನೋ ಹೇಳಿದರು.

"ಈ ತಾಯಿ ಯಾವ ದರ್ಜೆ ಅಂತ ಕೇಳ್ತಿದಾರೆ" ಎಂದ ಮಗ.

ಭಾವ ಮಣಿಕಟ್ಟನ್ನು ಬಿಡಿಸಿಕೊಳ್ಳದೆ, ಒಂದು ಕ್ಷಣವೂ ಯೋಚಿಸದೆ ಹೇಳಿದರು. "ಅವಳದು ಉನ್ನತ ದರ್ಜೆ. ಮಧ್ಯಮ ನಾನು."